ತಲೆ ಬಗ್ಗಿಸುವ ಕ್ಯಾಮೆರಾ

ಶಿವಪುತ್ರ ತಲೆ ಬಗ್ಗಿಸಿದ. ಎದುರಿನ ಕುರ್ಚಿಯಲ್ಲಿ ಕುಳಿತಿದ್ದ ಮುದುಕಿ ಬೋರವ್ವ ಬಲಗೈ ಎತ್ತಿ, “ನೂರ ವರ್ಷ ಬಾಳ ತಮ್ಮಾ” ಅಂದಳು. ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಅಂದುಬಿಟ್ಟಿತ್ತು.

“ಆಯೀ, ನಾ ನಮಸ್ಕಾರ ಮಾಡಾಕತ್ತಿಲ್ರಿ. ಈ ಕ್ಯಾಮೆರಾನ ಹಿಂಗ. ಹೊಟ್ಟಿ ಹತ್ರ ಹಿಡದು ಮ್ಯಾಲಿಂದ ಬಗ್ಗಿ ನೋಡಬೇಕ್ರಿ.”

“ತಿಳೀತು ತಿಳೀತು. ನೀ ತಗಿ.”

ಅವನು ಬಗ್ಗಿದ. ಕೈ ಮತ್ತೆ ಎದ್ದಿತು. ಈ ಸಲ ಅವನ ಸ್ಟುಡಿಯೋ ಬನಹಟ್ಟಿಗೇ ದೊಡ್ಡದಾಗಲಿ ಅಂತ.

ಅವನ ಹೆಂಡತಿ ಪ್ರತಿಮಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಸ್ಟುಡಿಯೋ ನಡೆಯುತ್ತಿದ್ದದ್ದು ಅವಳ ಡಿಜಿಟಲ್ ಕ್ಯಾಮೆರಾದಿಂದ. ಶಿವಪುತ್ರನ ಕೈಯಲ್ಲಿದ್ದದ್ದು ಅವನ ಅಪ್ಪನ ಕಾಲದ ದೊಡ್ಡ ರೀಲಿನ ಕ್ಯಾಮೆರಾ, ಎರಡು ಕಣ್ಣಿನ ಕರಿ ಡಬ್ಬಿ. ಒಂದು ರೀಲಿಗೆ ಹನ್ನೆರಡೇ ಫೋಟೊ. ಜಮಖಂಡಿಯ ಹೋಟೆಲಿನವರೊಬ್ಬರು ಅದನ್ನು ಕೌಂಟರಿನ ಮೇಲೆ ಅಂದಕ್ಕಿಡಲು ಕೇಳಿದ್ದರು. ಈ ರೀಲಿನಲ್ಲಿ ಬೋರವ್ವನ ಒಂದಾದರೂ ಒಳ್ಳೆಯ ಫೋಟೊ ಬಂದರೆ ಕ್ಯಾಮೆರಾ ಮನೆಯಲ್ಲಿ, ಇಲ್ಲದಿದ್ದರೆ ಹೋಟೆಲಿನಲ್ಲಿ ಎಂದು ಗಂಡ ಹೆಂಡತಿ ಬೋರವ್ವನ ಎದುರಿಗೇ ಮಾತಾಡಿಕೊಂಡಿದ್ದರು.

“ರೀಲ್ ಫೋಟೊನ ಬೇಕಂದ್ರ ಆ ಸಣ್ಣ ಕ್ಯಾಮೆರಾ ಇತ್ತಲ್ರಿ. ಮೂವತ್ತಾರು ಬರತಿದ್ದೂ. ಸುಮ್ನ ಹಟ ನಿಮ್ದು,” ಅಂದಳು ಪ್ರತಿಮಾ.

“ಸಣ್ಣದರಾಗೂ ತಗದ ನೋಡಿದಿವಲ್ಲ. ಏನಾತು?”

ಏನಾಗಿತ್ತೆಂದರೆ, ಡಿಜಿಟಲ್ಲೋ ಸಣ್ಣ ರೀಲೋ, ಯಾರಾದರೂ ಕ್ಯಾಮೆರಾ ಕಣ್ಣಿಗೆ ಹಿಡಿದು ಗುರಿಯಿಟ್ಟ ಕೂಡಲೇ ಬೋರವ್ವ ಸೆಟೆದುಕೊಳ್ಳುತ್ತಿದ್ದಳು. ಜೀವಮಾನವೆಲ್ಲ ಮಗ್ಗದ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಓಣಿಯನ್ನೇ ನಗಿಸಿದವಳು, ಫೋಟೊದಲ್ಲಿ ಮಾತ್ರ ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳಿಯ ಹಾಗೆ. ಅವಳಿಗೆ ಬೇಕಾಗಿದ್ದು ತಾನು ಸತ್ತ ಮೇಲೆ ಗೋಡೆಗೆ ಹಾಕುವ ಫೋಟೊ. ಗಂಡ ಮಲಕಾಜಪ್ಪ ತೀರಿಕೊಂಡಾಗ ಅವಸರಕ್ಕೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿ ಹಾಕಿದ್ದರು. ಆ ಪುಣ್ಯಾತ್ಮ ಇವತ್ತಿಗೂ ಕೈಮುಗಿದವರನ್ನೆಲ್ಲ ಯಾಕ ಬಂದ್ರಿ ಅನ್ನುವಂತೆ ನೋಡುತ್ತಾನೆ. ತನಗೂ ಅದೇ ಗತಿಯಾದೀತೆಂದು ಬೋರವ್ವನಿಗೆ ಹೆದರಿಕೆ.

ರೀಲು ಮುಗಿಯುತ್ತ ಬಂತು. ಆಯುಷ್ಯ, ಸಂಪತ್ತು, ಮಕ್ಕಳಿಗೆ ನೌಕರಿ, ಪ್ರತಿಮಾಳ ಮೊಣಕಾಲಿನ ನೋವಿಗೆ ಗುಣ, ಎಲ್ಲ ಆಶೀರ್ವಾದಗಳೂ ಆದವು. ಎಲ್ಲದರಲ್ಲೂ ಮುಖಕ್ಕೆ ಕೈ ಅಡ್ಡ. ಕೊನೆಗೆ ಪ್ರತಿಮಾಳೇ ಬಂದು, “ಎರಡೂ ಕೈ ತೊಡಿ ಕೆಳಗ ಇಟಗೊಂಡು ಕುಂದರ್ರಿ ಆಯಿ” ಅಂದಳು. ಬೋರವ್ವ ಹಾಗೇ ಕುಳಿತಳು. ಶಿವಪುತ್ರ ಬಗ್ಗಿದ. ಸೀನು ತಡೆದವಳಂತೆ ಅವಳ ಮುಖ ಕೆಂಪಾಗಿ ತುಟಿ ಬಿಗಿಯಿತು. ಮಲಕಾಜಪ್ಪನೇ ವಾಸಿ ಅನ್ನುವಂತಿತ್ತು.

“ಆಗೂದಿಲ್ಲ ಯವ್ವಾ. ತಲಿ ಬಗ್ಗಿಸಿದವರ ಮುಂದ ಕೈ ಮುಚಗೊಂಡು ಕುಂತ್ರ ನನಗ ಪಾಪ ಹತ್ತತೈತಿ.”

ಇನ್ನು ಉಳಿದದ್ದು ಒಂದೇ ಫೋಟೊ. ಶಿವಪುತ್ರನಿಗೆ ಸಂಕಟವಾಯಿತು. ಅಪ್ಪ ಆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಮುಧೋಳ, ಬೀಳಗಿಯ ಮದುವೆಗಳನ್ನೆಲ್ಲ ತಿರುಗಿದ್ದ. “ನಿಮ್ಮ ಮನಸಿಗೆ ಬಂದಂಗ ಕುಂದರ್ರಿ ಆಯಿ” ಅಂದು ತಲೆ ಬಗ್ಗಿಸಿದ. ಆ ಸಲ ಬಗ್ಗಿದ್ದು ನೋಡಲಿಕ್ಕೋ ನಮಸ್ಕಾರಕ್ಕೋ ಅವನಿಗೇ ತಿಳಿಯಲಿಲ್ಲ.

“ನಿನ್ನ ಕ್ಯಾಮೆರಾ ನಿನ್ನ ಕಡೇನ ಉಳೀಲಿ ತಮ್ಮಾ,” ಅಂದಳು ಬೋರವ್ವ.

ಕ್ಲಿಕ್.

ವಾರದ ಮೇಲೆ ಬೋರವ್ವ ಬಂದಾಗ ಶಿವಪುತ್ರ ಆ ಕೊನೆಯದೊಂದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿ ಮೇಜಿನ ಮೇಲೆ ಇಟ್ಟಿದ್ದ. ಮುಖದ ಗೆರೆ, ಸೆರಗಿನ ಎಳೆ ಒಂದೊಂದೂ ನಿಚ್ಚಳ. ಬಾಯಿ ಮಾತಿನ ನಡುವೆ ತೆರೆದಿತ್ತು, ಕಣ್ಣಲ್ಲಿ ನಗೆಯಿತ್ತು. ಆದರೆ ಎದೆಯ ಮುಂದೆ ಎತ್ತಿದ ಅಂಗೈ ಮಸುಕಾಗಿತ್ತು.

“ಕೈ ಅಳ್ಳಾಡೇತಿ. ಇದೂ ಕೆಟ್ಟತು,” ಅಂದಳು ಪ್ರತಿಮಾ. ಶಿವಪುತ್ರ ಕ್ಯಾಮೆರಾವನ್ನು ಅದರ ತೊಗಲಿನ ಚೀಲಕ್ಕೆ ಹಾಕತೊಡಗಿದ.

“ಯಾರಂದ್ರು ಕೆಟ್ಟತಂತ?” ಬೋರವ್ವ ಫೋಟೊದ ಅಂಗೈ ಮೇಲೆ ಬೆರಳಾಡಿಸಿದಳು. “ನಾಳೆ ಇದಕ್ಕ ಹಾರ ಹಾಕತಾರ. ಬಂದವರು ತಲಿ ಬಗ್ಗಸ್ತಾರ. ನಮ್ಮ ಮನಿಯವರು ಸುಮ್ನ ಗುರಾಯಿಸ್ಕೋತ ಕುಂತಾರ. ನಾನೂ ಹಂಗ ಮಾಡ್ಲೇನು? ಸತ್ತಮ್ಯಾಲೂ ಕೈ ಎತ್ತಬೇಕಲ್ಲ ಯವ್ವಾ.”

ಪ್ರತಿಮಾ ಗಂಡನ ಕೈಯಿಂದ ಚೀಲ ತೆಗೆದುಕೊಂಡಳು. “ಹೋಟೆಲಿನವ್ರಿಗೆ ಆ ಸಣ್ಣ ಕ್ಯಾಮೆರಾ ಕೊಟ್ಟರಾತು ಬಿಡ್ರಿ,” ಅಂದು, ಇನ್ನೊಮ್ಮೆ ಸರಿಯಾಗಿ ನೋಡಲು ಮೇಜಿನ ಮೇಲೆ ಬಗ್ಗಿದಳು.

ಫೋಟೊದೊಳಗಿನ ಕೈ ಎತ್ತಿಕೊಂಡೇ ಇತ್ತು. ಬಗ್ಗಿದ ಪ್ರತಿಮಾಳ ತಲೆಯ ಮೇಲೆ ಬೋರವ್ವನ ಕೈಯೂ ಎದ್ದಿತು.