ಅಸಲಿ ಗೋವಾ ಫೆನಿ

ಫೆನಿ ಕಳ್ಳ ಎಂದರೆ ಬೋರ್ಡು ಮುಟ್ಟಿ ನೋಡಿಕೊಂಡನಂತೆ! ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

"ಪರಮೇಶ್ವರಪ್ಪನಾ? ಗೋವಾದ ಫೆನಿ ಸಂಘದಿಂದ ಮಾತಾಡುದು. ನಮ್ಮ ಗೇರುಹಣ್ಣಿನ ದಾರೂಗೆ ಮಾತ್ರ ಆ ಹೆಸರು. ನಿನ್ನ ಬಾಟಲಿಯಲ್ಲಿ ಇರುದು ಎಂಥದು ಮಾರಾಯಾ?" ಹಾನಗಲ್ಲಿನ ಬಾರಿನ ಹಿಂಬಾಗಿಲಲ್ಲಿ ನಿಂತು ಕೊಂಕಣಿ ರಾಗದಲ್ಲಿ ಫೋನಿಗೆ ಗದರಿದವನು ಮಿಮಿಕ್ರಿ ಸುಶೀಂದ್ರ. ಒಳಗೆ ಅದೇ ಫೆನಿ ಕುಡಿಯುತ್ತ ಕುಳಿತ ಗೆಳೆಯರು ನಗು ತಡೆಯಲು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಮಾಲೀಕ ಪರಮೇಶ್ವರಪ್ಪ ಸಿಟ್ಟಿಗೆದ್ದು ಬೈಯಬೇಕು, ತಾವು ನಗಬೇಕು ಎನ್ನುವುದಷ್ಟೇ ಅವರ ಆಟ.

ಪರಮೇಶ್ವರಪ್ಪ ಬೈಯಲಿಲ್ಲ. ಗಲ್ಲಾದಲ್ಲಿ ಎದ್ದು ನಿಂತು ಚಪ್ಪಲಿ ಬಿಟ್ಟ. "ತಪ್ಪಾತ್ರಿ ಸಾಹೇಬ್ರ. ಅದು ಫೆನಿ ಅಲ್ರಿ. ಅಗ್ಗದ ಜಿನ್ನಿಗೆ ಎಸೆನ್ಸ್ ಹಾಕಿ ಮಾರಾಕತ್ತೇನಿ. ನಿಮ್ಮ ಹೆಸರು ಕೆಡಿಸೇನ್ರಿ." ಫೋನನ್ನು ಹೆಗಲಿಗೆ ಒತ್ತಿಕೊಂಡು, ಗೋಡೆಯ ಕರಿಹಲಗೆಯ ಮೇಲೆ ತಾನೇ ಬರೆದ 'ಅಸಲಿ ಗೋವಾ ಫೆನಿ'ಯನ್ನು ಒದ್ದೆ ಅರಿವೆಯಿಂದ ಒರೆಸತೊಡಗಿದ. ಗೆಳೆಯರು ತಮ್ಮ ತಮ್ಮ ಗ್ಲಾಸು ನೋಡಿಕೊಂಡರು.

ಸುಶೀಂದ್ರನ ಕೊಂಕಣಿ ರಾಗ ಅಲ್ಲೇ ಬಿದ್ದುಹೋಯಿತು. ನಾಕು ಮಂದಿಯ ಮುಂದೆ ಮನುಷ್ಯನ ಮಾನ ಕಳೆದೆನಲ್ಲ ಎಂದು ಒಳಗೆ ಓಡಿಬಂದ. "ಕಾಕಾ, ನಾನ್ರಿ, ಸುಶೀಂದ್ರ. ಚ್ಯಾಷ್ಟಿ ಮಾಡಿದ್ನಿ. ಅಳಸಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ಪರಮೇಶ್ವರಪ್ಪ ಒಮ್ಮೆ ಫೋನನ್ನು, ಒಮ್ಮೆ ಅವನನ್ನು ನೋಡಿದ. "ಮಗನ, ಬೋರ್ಡ್ ಬರದಾಗಿಂದ ಈ ಫೋನಿಗೆ ಹೆದರಕೊಂತ ಕುಂತಿದ್ನಿ. ಇವತ್ತ ಬಂತು ನೋಡು, ಅದೂ ಡೂಪ್ಲಿಕೇಟ್!" ಎಂದು ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಹಲಗೆಗೆ ತಿರುಗಿ, ಉಳಿದಿದ್ದ 'ನಿ'ಯನ್ನೂ ಒರೆಸಿದ.