ಮೈ ಕೊಡವಿದ ಟಗರು

ಕಂಬಳಿ ನೆನೆಸಿದಾಗಲೆಲ್ಲ ಏಳುವ ಒದ್ದೆ ಉಣ್ಣೆಯ ವಾಸನೆಗೆ ನನಗೆ ಕೆ.ಆರ್. ಪುರದ ಕುರಿ ಪ್ರದರ್ಶನದ ಆ ಮಧ್ಯಾಹ್ನ ನೆನಪಾಗುತ್ತದೆ.

ಬಹುಮಾನ ಬಂದರೆ ನಮ್ಮ ಟಗರನ್ನು ತಳಿಗೆ ಉಳಿಸುವುದು, ಇಲ್ಲದಿದ್ದರೆ ಹಬ್ಬಕ್ಕೆ ಮಾರಮ್ಮನಿಗೆ ಕಡಿಯುವುದು ಎಂದು ತಾತ ತೀರ್ಮಾನಿಸಿದ್ದರು. ಅದನ್ನು ಸಾಕಿದವಳು ನಾನು. ಅಖಾಡದಲ್ಲಿ ಹಿಡಿದು ನಿಲ್ಲಿಸಬೇಕಾದವಳೂ ನಾನೇ.

"ಹಗ್ಗ ಜಗ್ಬೇಡ ಕಣಮ್ಮ, ಗದ್ದದ ಕೆಳಗೆ ಕೈ ಇಡು. ನೀನು ಅಲ್ಲಾಡದಿದ್ರೆ ಅದೂ ಅಲ್ಲಾಡಲ್ಲ," ಎಂದು ತಾತ ಹೇಳಿಕೊಟ್ಟರು.

ಒಳಗೆ ಹೋಗುವಷ್ಟರಲ್ಲಿ ಅಜ್ಜಿ, ಒಳ್ಳೆಯದಾಗಲೆಂದು, ಹಲಸೂರಿನ ಗುಡಿಯಿಂದ ತಂದ ತೀರ್ಥವನ್ನೆಲ್ಲ ಅದರ ಬೆನ್ನಿಗೆ ಸುರಿದುಬಿಟ್ಟಳು.

ಪಕ್ಕದ ಕುರಿಯವನು ನಕ್ಕ. "ಏನಜ್ಜಿ, ನೀರು ಹಾಕಿ ಈಗ್ಲೇ ಅಪ್ಪಣೆ ಕೇಳ್ತಿದ್ದೀರಾ? ಮೈ ಕೊಡವಿದ್ರೆ ಅಮ್ಮ ಬಲಿ ಒಪ್ಪಿದ ಹಾಗೇನೇ!"

ಅಜ್ಜಿಯ ಮುಖ ಬಿಳಿಚಿತು.

ತೀರ್ಪುಗಾರರು ಹಲ್ಲು ನೋಡಿದರು, ಉಣ್ಣೆಯೊಳಗೆ ಬೆರಳಿಟ್ಟು ಬೆನ್ನು ಒತ್ತಿದರು. ನನ್ನ ಅಂಗೈ ಮೇಲೆ ಬಿಸಿ ಗದ್ದವೂರಿ ಟಗರು ಕದಲದೆ ನಿಂತಿತ್ತು. ಬಹುಮಾನ ಮಾತ್ರ ಬರಲಿಲ್ಲ.

ಹೊರಗೆ ಬಂದು ಕೈ ತೆಗೆದದ್ದೇ ತಡ, ಟಗರು ಮೈ ಕೊಡವಿ ನಮ್ಮೆಲ್ಲರನ್ನೂ ನೆನೆಸಿತು. ತಾತ ಅಜ್ಜಿಯ ಕಡೆ ನೋಡಿದರು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, "ಏನ್ ನೋಡ್ತೀರಿ? ಅಮ್ಮ ಒಪ್ಪಿದಳಲ್ಲ. ನಾನು ಕೇಳ್ಕೊಂಡಿದ್ದು ಇದನ್ನ ಉಳಿಸ್ಕೊಡು ಅಂತ. ನಡೀರಿ ಮನೆಗೆ," ಎಂದಳು.