ಮೇಷ್ಟ್ರ ಪಾತ್ರ

"ನನ್ನ ಶಿಷ್ಯೆ ಕಣ್ರಮ್ಮ. ಎಲ್ಲಾ ನನ್ನುನ್ನ ನೋಡೇ ಕಲ್ತಿರೋದು," ಎಂದು ಮಂಡ್ಯದ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ ಚಿಕ್ಕಣ್ಣ ಮೇಷ್ಟ್ರು ಆನ್‌ಲೈನ್ ಏಕಪಾತ್ರಾಭಿನಯ ಸ್ಪರ್ಧೆಯ ಸಹ-ತೀರ್ಪುಗಾರ್ತಿ ಪಂಕಜಮ್ಮನವರೆದುರು ಬೀಗುತ್ತಿರುವಾಗಲೇ, ಪರದೆಯ ಮೇಲೆ ಅಮೃತ ಕೋಣೆಯ ಚಿಲಕ ಹಾಕುವ ಅಭಿನಯ ಮಾಡಿದಳು.

ಅವಳು ಆಡುತ್ತಿದ್ದುದು ನಾಟಕ ಕಲಿಸುವ ಮೇಷ್ಟ್ರೊಬ್ಬರ ಪಾತ್ರ. ಇಲ್ಲದ ಕನ್ನಡಕವನ್ನು ತೆಗೆದು, ಅದರ ಮೇಲೆ ಉಸಿರೂದಿ, ಅಂಗಿಯ ಚುಂಗಿನಲ್ಲಿ ನಿಧಾನವಾಗಿ ಒರೆಸಿದಳು. "ಅಳ್ಬ್ಯಾಡ, ಸುಮ್ಕಿರು. ಯಾರ್ಗಾರಾ ಯೋಳೀಯಾ, ಜ್ವಾಕೆ!"

ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಚಿಕ್ಕಣ್ಣ ಮೇಷ್ಟ್ರದೇ ಮುಖವಿತ್ತು. ಅದರ ಕೆಳಗೆ ಅವರದೇ ಕೈ, ಅಂಗಿಯ ಚುಂಗಿನಲ್ಲಿ ಕನ್ನಡಕ ಒರೆಸುತ್ತಿತ್ತು. ಕ್ಯಾಮೆರಾ ಆರಿಸಲು ಅವರು ತಟ್ಟನೆ ಬೆರಳು ಚಾಚಿದರು.

"ಆಫ್ ಮಾಡ್ಬೇಡಿ ಮೇಷ್ಟ್ರೇ," ಸ್ಪೀಕರಿನಿಂದ ಬಂದ ಪಂಕಜಮ್ಮನವರ ದನಿ ತಣ್ಣಗಿತ್ತು. "ಪೂರ್ತಿ ನೋಡೋಣ."